ಕರುಳಿನ ದುಗ್ಧನಾಳ ಹಿಗ್ಗುವಿಕೆ

ಕರುಳಿನ ದುಗ್ಧನಾಳ ಹಿಗ್ಗುವಿಕೆ ಎಂಬುದು ಸಣ್ಣ ಕರುಳಿನ ಗೋಡೆಯಲ್ಲಿರುವ ದುಗ್ಧನಾಳಗಳು ಹಿಗ್ಗಿ, ಅವುಗಳಲ್ಲಿ ಸಾಗಬೇಕಾದ ದುಗ್ಧರಸವು ಕರುಳಿನೊಳಕ್ಕೆ ಸೋರಿಹೋಗುವ ಅಪರೂಪದ ಕಾಯಿಲೆ. ವೈದ್ಯಕೀಯ ಬಳಕೆಯಲ್ಲಿ ಇದನ್ನು ಇಂಟೆಸ್ಟೈನಲ್ ಲಿಂಫಾಂಜಿಯೆಕ್ಟೇಸಿಯಾ ಎಂದು ಕರೆಯಲಾಗುತ್ತದೆ. ಬೇರೆ ಯಾವ ಕಾಯಿಲೆಯ ಪರಿಣಾಮವೂ ಅಲ್ಲದೆ, ದುಗ್ಧನಾಳಗಳ ರಚನೆಯ ದೋಷದಿಂದಲೇ ಉಂಟಾಗುವ ರೂಪಕ್ಕೆ ಪ್ರಾಥಮಿಕ ರೂಪವೆಂದೂ ವಾಲ್ಡ್‌ಮನ್ ಕಾಯಿಲೆಯೆಂದೂ ಹೆಸರಿದೆ. ಇದು ಹೆಚ್ಚಾಗಿ ಮೂರು ವರ್ಷದೊಳಗಿನ ಮಕ್ಕಳಲ್ಲಿ ಪತ್ತೆಯಾಗುತ್ತದೆ. ಪ್ರಾಯಕ್ಕೆ ಬಂದ ಮೇಲೆ ಪತ್ತೆಯಾದ ಉದಾಹರಣೆಗಳೂ ಇವೆ. ದುಗ್ಧರಸದೊಂದಿಗೆ ರಕ್ತದ ಪ್ರೋಟೀನುಗಳು, ಬಿಳಿ ರಕ್ತಕಣಗಳು ಮತ್ತು ಕೊಬ್ಬು ನಷ್ಟವಾಗುವುದರಿಂದ ಮಗುವಿನ ಕಾಲು, ಮುಖ ಹಾಗೂ ಹೊಟ್ಟೆ ಊದಿಕೊಳ್ಳುತ್ತವೆ, ಬೆಳವಣಿಗೆ ಕುಂಠಿತವಾಗುತ್ತದೆ. ಚಿಕಿತ್ಸೆಯ ಮುಖ್ಯ ಆಧಾರ ಆಹಾರವೇ ಆಗಿದೆ. ಮಗು ಎಷ್ಟು ಕೊಬ್ಬನ್ನು ತಿನ್ನುತ್ತದೆ ಎಂಬುದರಷ್ಟೇ ಯಾವ ಬಗೆಯ ಕೊಬ್ಬನ್ನು ತಿನ್ನುತ್ತದೆ ಎಂಬುದೂ ಇಲ್ಲಿ ನಿರ್ಣಾಯಕ.

ಹೆಸರು ಮತ್ತು ಇತಿಹಾಸ

ಸಂಸ್ಕೃತದಲ್ಲಿ ದುಗ್ಧ ಎಂದರೆ ಹಾಲು. ದೇಹದ ಉಳಿದ ಭಾಗಗಳಲ್ಲಿ ದುಗ್ಧರಸವು ತಿಳಿಯಾಗಿದ್ದರೂ, ಊಟದ ನಂತರ ಕರುಳಿನಿಂದ ಹೊರಡುವ ರಸ ಕೊಬ್ಬಿನ ಕಣಗಳಿಂದ ತುಂಬಿ ನಿಜವಾಗಿಯೂ ಹಾಲಿನಂತೆ ಬೆಳ್ಳಗಿರುತ್ತದೆ. ಇಟಲಿಯ ಅಂಗರಚನಾ ಶಾಸ್ತ್ರಜ್ಞ ಗಾಸ್ಪರೆ ಅಸೆಲ್ಲಿ 1622ರಲ್ಲಿ, ಆಗಷ್ಟೇ ಆಹಾರ ತಿಂದಿದ್ದ ನಾಯಿಯೊಂದರ ಹೊಟ್ಟೆಯನ್ನು ತೆರೆದಾಗ ಕರುಳಿನ ಪೊರೆಯಲ್ಲಿ ಬಿಳಿಯ ಎಳೆಗಳನ್ನು ಕಂಡನು. ಮೊದಲು ನರಗಳೆಂದು ಭಾವಿಸಿದ ಆ ಎಳೆಗಳನ್ನು ಕತ್ತರಿಸಿದಾಗ ಹಾಲಿನಂತಹ ದ್ರವ ಹೊರಬಂದಿತು. ಹಸಿದ ನಾಯಿಯಲ್ಲಿ ಅವು ಕಾಣಲಿಲ್ಲ. ಆತನ ಕೃತಿ ಮರಣಾನಂತರ 1627ರಲ್ಲಿ ಪ್ರಕಟವಾಯಿತು. ಈ ನಾಳಗಳು ಕೊಬ್ಬಿನ ಊಟದ ನಂತರವೇ ತುಂಬುತ್ತವೆ ಎಂಬ ಆ ಹಳೆಯ ವೀಕ್ಷಣೆ ಮುಂದೆ ವಿವರಿಸಿರುವ ಆಹಾರ ಚಿಕಿತ್ಸೆಗೂ ತಳಹದಿಯಾಗಿದೆ.

ಇಪ್ಪತ್ತನೆಯ ಶತಮಾನದ ಮಧ್ಯಭಾಗದವರೆಗೂ, ಮೂತ್ರಪಿಂಡ ಮತ್ತು ಯಕೃತ್ತು ಸರಿಯಾಗಿದ್ದರೂ ರಕ್ತದಲ್ಲಿ ಪ್ರೋಟೀನು ಕಡಿಮೆಯಾಗಿ ಮೈ ಊದಿಕೊಳ್ಳುವ ರೋಗಿಗಳು ವೈದ್ಯರಿಗೆ ಒಗಟಾಗಿದ್ದರು. ದೇಹವೇ ಪ್ರೋಟೀನನ್ನು ಅತಿಯಾಗಿ ಒಡೆಯುತ್ತಿದೆ ಎಂಬ ಊಹೆ ಪ್ರಚಲಿತವಾಗಿತ್ತು. 1959ರಲ್ಲಿ ರಾಬರ್ಟ್ ಗಾರ್ಡನ್ ವಿಕಿರಣಶೀಲ ಅಯೋಡಿನ್ ಬೆರೆಸಿದ ಕೃತಕ ಪಾಲಿಮರೊಂದನ್ನು ರಕ್ತನಾಳಕ್ಕೆ ಕೊಟ್ಟು, ಅದು ಮಲದಲ್ಲಿ ಕಾಣಿಸಿಕೊಳ್ಳುವುದನ್ನು ಅಳೆದರು. ಸೋರಿಕೆ ಕರುಳಿನಲ್ಲಿದೆ ಎಂಬುದು ಇದರಿಂದ ತಿಳಿಯಿತು. 1961ರಲ್ಲಿ ಅಮೆರಿಕದ ಬೆಥೆಸ್ಡಾದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಥಾಮಸ್ ವಾಲ್ಡ್‌ಮನ್ ಮತ್ತು ಸಂಗಡಿಗರು ಇಂತಹ 18 ರೋಗಿಗಳನ್ನು ವರ್ಣಿಸಿ, ಕರುಳಿನ ತುಣುಕುಗಳಲ್ಲಿ ಹಿಗ್ಗಿದ ದುಗ್ಧನಾಳಗಳನ್ನು ತೋರಿಸಿದರು. ಕಾಯಿಲೆಯ ಹೆಸರು ಅಲ್ಲಿಂದ ಬಂದುದು.

ಕಾಯಿಲೆ ಉಂಟಾಗುವ ಬಗೆ

ಸಣ್ಣ ಕರುಳಿನ ಒಳಮೈಯಲ್ಲಿ ವಿಲ್ಲಸ್ ಎಂಬ ಬೆರಳಿನಾಕಾರದ ಸೂಕ್ಷ್ಮ ಅಂಕುರಗಳು ದಟ್ಟವಾಗಿವೆ. ಪ್ರತಿ ಅಂಕುರದ ಒಳಗೆ ರಕ್ತದ ಲೋಮನಾಳಗಳ ಜೊತೆಗೆ ಲ್ಯಾಕ್ಟಿಯಲ್ ಎಂಬ ದುಗ್ಧನಾಳವಿರುತ್ತದೆ. ಸಕ್ಕರೆ ಮತ್ತು ಅಮೈನೋ ಆಮ್ಲಗಳು ನೇರವಾಗಿ ರಕ್ತಕ್ಕೆ ಸೇರಿ ಯಕೃತ್ತಿಗೆ ಹೋಗುತ್ತವೆ. ಕೊಬ್ಬಿನ ದಾರಿ ಬೇರೆ. ನಾವು ದಿನನಿತ್ಯ ತಿನ್ನುವ ಎಣ್ಣೆ, ಬೆಣ್ಣೆ, ತುಪ್ಪಗಳ ಬಹುಭಾಗ ಉದ್ದ ಸರಪಳಿಯ ಕೊಬ್ಬಿನಾಮ್ಲಗಳಿಂದಾದುದು. ಇವು ಕರುಳಿನ ಜೀವಕೋಶದೊಳಗೆ ಮತ್ತೆ ಕೊಬ್ಬಾಗಿ ಜೋಡಣೆಗೊಂಡು, ಪ್ರೋಟೀನಿನ ಹೊದಿಕೆಯುಳ್ಳ ಕೈಲೋಮೈಕ್ರಾನ್ ಎಂಬ ಕಣಗಳಾಗುತ್ತವೆ. ಲೋಮನಾಳದ ಗೋಡೆಯನ್ನು ದಾಟಲಾರದಷ್ಟು ದೊಡ್ಡದಾದ ಈ ಕಣಗಳು ಲ್ಯಾಕ್ಟಿಯಲನ್ನು ಪ್ರವೇಶಿಸಿ, ಎದೆಯ ಮಹಾದುಗ್ಧನಾಳದ ಮೂಲಕ ಕತ್ತಿನ ಬಳಿ ರಕ್ತವನ್ನು ಸೇರುತ್ತವೆ.

ಈ ಕಾಯಿಲೆಯಲ್ಲಿ ದುಗ್ಧನಾಳಗಳ ಹರಿವಿಗೆ ತಡೆಯುಂಟಾಗಿರುತ್ತದೆ. ತೂಬು ಕಟ್ಟಿಕೊಂಡ ಕಾಲುವೆಯಲ್ಲಿ ನೀರು ಏರಿ ಏರಿಯನ್ನು ಒಡೆಯುವಂತೆ, ಕೊಬ್ಬಿನ ಊಟದ ನಂತರ ನಾಳಗಳಲ್ಲಿ ಒತ್ತಡ ಹೆಚ್ಚಿ, ಹಿಗ್ಗಿದ ಲ್ಯಾಕ್ಟಿಯಲುಗಳು ಒಡೆದು ದುಗ್ಧರಸ ಕರುಳಿನೊಳಕ್ಕೆ ಸುರಿಯುತ್ತದೆ. ಸುರಿದುಹೋಗುವುದು ಬರೀ ಕೊಬ್ಬಲ್ಲ. ರಕ್ತದಲ್ಲಿ ನೀರನ್ನು ಹಿಡಿದಿಡುವ ಆಲ್ಬುಮಿನ್, ಸೋಂಕನ್ನು ತಡೆಯುವ ಇಮ್ಯುನೊಗ್ಲಾಬ್ಯುಲಿನ್‌ಗಳು, ಲಿಂಫೋಸೈಟ್ ಕಣಗಳು, ಕೊಬ್ಬಿನಲ್ಲಿ ಕರಗುವ ಎ, ಡಿ, ಇ, ಕೆ ಜೀವಸತ್ವಗಳು, ಕ್ಯಾಲ್ಸಿಯಂ ಎಲ್ಲವೂ ಹೋಗುತ್ತವೆ. ಆಲ್ಬುಮಿನನ್ನು ಯಕೃತ್ತು ಮತ್ತೆ ತಯಾರಿಸಬಲ್ಲದಾದರೂ ಸೋರಿಕೆಯ ವೇಗವನ್ನು ಅದು ಸರಿಗಟ್ಟಲಾರದು.

ಪ್ರಾಥಮಿಕ ರೂಪಕ್ಕೆ ಎಲ್ಲ ಮಕ್ಕಳಿಗೂ ಅನ್ವಯಿಸುವ ಒಂದೇ ಕಾರಣ ಗೊತ್ತಾಗಿಲ್ಲ. ಕೆಲವರಲ್ಲಿ ಇದು ಹೆನ್ನೆಕಾಮ್, ನೂನನ್, ಟರ್ನರ್ ಮುಂತಾದ ಜನ್ಮಜಾತ ಲಕ್ಷಣಕೂಟಗಳ ಭಾಗವಾಗಿರುತ್ತದೆ. ಹೆನ್ನೆಕಾಮ್ ಲಕ್ಷಣಕೂಟದಲ್ಲಿ ಸಿಸಿಬಿಇ1 ಮತ್ತು ಎಫ್‌ಎಟಿ4 ಜೀನುಗಳ ದೋಷಗಳು ಕಂಡುಬಂದಿವೆ. ದ್ವಿತೀಯಕ ರೂಪವು ಬೇರೊಂದು ಕಾಯಿಲೆಯಿಂದ ದುಗ್ಧದ ಹರಿವು ತಡೆಯಲ್ಪಟ್ಟಾಗ ಬರುತ್ತದೆ: ಹೃದಯಾವರಣ ಬಿಗಿದುಕೊಳ್ಳುವಿಕೆ, ಹುಟ್ಟು ಹೃದ್ರೋಗಕ್ಕೆ ಮಾಡುವ ಫಾಂಟನ್ ಶಸ್ತ್ರಚಿಕಿತ್ಸೆಯ ನಂತರದ ಸ್ಥಿತಿ, ಲಿಂಫೋಮಾ, ಹೊಟ್ಟೆಯ ದುಗ್ಧಗ್ರಂಥಿಗಳ ಕ್ಷಯ ಇತ್ಯಾದಿ. ಭಾರತದಲ್ಲಿ ಈ ಪಟ್ಟಿಯ ಕೊನೆಯ ಹೆಸರಿಗೆ ವಿಶೇಷ ತೂಕವಿದೆ. ಕ್ಷಯವನ್ನು ಔಷಧಿಯಿಂದ ಗುಣಪಡಿಸಬಹುದಾದ್ದರಿಂದ, ಅದನ್ನು ತಳ್ಳಿಹಾಕದೆ ಮಗುವಿಗೆ ಪ್ರಾಥಮಿಕ ಕಾಯಿಲೆಯ ಹಣೆಪಟ್ಟಿ ಹಚ್ಚುವುದು ತಪ್ಪಾಗುತ್ತದೆ.

ಲಕ್ಷಣಗಳು

ಎರಡೂ ಕಾಲುಗಳ ಊತ ಸಾಮಾನ್ಯವಾಗಿ ಮೊದಲ ಸೂಚನೆ. ಒತ್ತಿದರೆ ಬೆರಳಿನ ಗುಳಿ ಉಳಿಯುತ್ತದೆ. ಮುಖ, ಕಣ್ಣಿನ ರೆಪ್ಪೆ, ಗಂಡುಮಕ್ಕಳಲ್ಲಿ ವೃಷಣಕೋಶ ಕೂಡ ಊದಬಹುದು. ಕೆಲವು ಮಕ್ಕಳಲ್ಲಿ ಇದಲ್ಲದೆ ದುಗ್ಧರಸವೇ ಕೈಕಾಲಿನಲ್ಲಿ ನಿಂತು, ಒತ್ತಿದರೂ ಗುಳಿ ಬೀಳದ ಗಟ್ಟಿ ಊತ ಇರುವುದುಂಟು. ಅದು ಒಂದೇ ಕಾಲಿಗೆ ಸೀಮಿತವಾಗಿರಲೂಬಹುದು. ದೀರ್ಘಕಾಲದ ಭೇದಿ, ಜಿಡ್ಡಿನ ಮಲ, ಹೊಟ್ಟೆನೋವು, ವಾಂತಿ, ಆಯಾಸ ಇತರ ಲಕ್ಷಣಗಳು. ತೀವ್ರವಾದಾಗ ಹೊಟ್ಟೆಯಲ್ಲಿ, ಶ್ವಾಸಕೋಶದ ಸುತ್ತ ಅಥವಾ ಹೃದಯದ ಸುತ್ತ ದ್ರವ ತುಂಬುತ್ತದೆ. ಕ್ಯಾಲ್ಸಿಯಂ ಕುಸಿದಾಗ ಕೈಬೆರಳುಗಳು ಸೆಟೆದುಕೊಳ್ಳುವುದೂ ಸೆಳವು ಬರುವುದೂ ಸಾಧ್ಯ.

ಊತವು ಮಗುವಿನ ನಿಜವಾದ ತೂಕವನ್ನು ಮರೆಮಾಡುತ್ತದೆ. ತಕ್ಕಡಿಯಲ್ಲಿ ತೂಕ ಸರಿಯಾಗಿಯೇ ಕಾಣುವ ಮಗುವಿನ ತೋಳು ಕಡ್ಡಿಯಂತಿರಬಹುದು. ಆದ್ದರಿಂದ ಇಂತಹ ಮಕ್ಕಳಲ್ಲಿ ಎತ್ತರ ಮತ್ತು ತೋಳಿನ ಸುತ್ತಳತೆಯನ್ನು ಗಮನಿಸುವುದು ವಾಡಿಕೆ.

ಪತ್ತೆಹಚ್ಚುವಿಕೆ

ಊದಿಕೊಂಡ ಮಗುವಿನಲ್ಲಿ ವೈದ್ಯರು ಮೊದಲು ಶಂಕಿಸುವುದು ನೆಫ್ರೋಟಿಕ್ ಲಕ್ಷಣಕೂಟವನ್ನು ಅಥವಾ ಪ್ರೋಟೀನಿನ ಕೊರತೆಯಿಂದಾಗುವ ಕ್ವಾಶಿಯೋರ್ಕರನ್ನು. ಇದು ಸಹಜವೇ, ಏಕೆಂದರೆ ಅವೆರಡೂ ಈ ಕಾಯಿಲೆಗಿಂತ ಬಹಳ ಹೆಚ್ಚು ಸಾಮಾನ್ಯ. ಮೂತ್ರದಲ್ಲಿ ಪ್ರೋಟೀನು ಇಲ್ಲದಿದ್ದರೆ ಮೂತ್ರಪಿಂಡವನ್ನು ಬಿಡಬಹುದು. ಯಕೃತ್ತಿನ ಪರೀಕ್ಷೆಗಳು ಸರಿಯಿದ್ದು, ಆಹಾರವೂ ಸಾಕಷ್ಟು ಸಿಗುತ್ತಿದ್ದರೆ ಕರುಳಿನತ್ತ ನೋಡಬೇಕು. ಆಲ್ಬುಮಿನ್, ಇಮ್ಯುನೊಗ್ಲಾಬ್ಯುಲಿನ್ ಮತ್ತು ಲಿಂಫೋಸೈಟ್ ಮೂರೂ ಒಟ್ಟಿಗೆ ಕಡಿಮೆಯಾಗಿರುವುದು ಬಲವಾದ ಸುಳಿವು.

ಕರುಳಿನ ಸೋರಿಕೆಯನ್ನು ಖಚಿತಪಡಿಸಲು ಮಲದಲ್ಲಿ ಆಲ್ಫಾ-1 ಆಂಟಿಟ್ರಿಪ್ಸಿನ್ ಎಂಬ ಪ್ರೋಟೀನನ್ನು ಅಳೆಯುತ್ತಾರೆ. ರಕ್ತದಿಂದ ಬರುವ ಈ ಪ್ರೋಟೀನು ಕರುಳಿನಲ್ಲಿ ಸುಲಭವಾಗಿ ಜೀರ್ಣವಾಗದೆ ಹೊರಬರುವುದರಿಂದ ಅದು ಸೋರಿಕೆಯ ಅಳತೆಗೋಲಾಗುತ್ತದೆ. ಕೊನೆಯ ತೀರ್ಮಾನ ಎಂಡೋಸ್ಕೋಪಿ ಮತ್ತು ಬಯಾಪ್ಸಿಯದು. ಎಂಡೋಸ್ಕೋಪಿಯಲ್ಲಿ ಕರುಳಿನ ಒಳಮೈ ಮೇಲೆ ಮಂಜಿನ ಹರಳು ಉದುರಿದಂತೆ ಬಿಳಿಯ ಚುಕ್ಕೆಗಳು ಕಾಣುತ್ತವೆ. ಬಯಾಪ್ಸಿಯ ತುಣುಕಿನಲ್ಲಿ ಹಿಗ್ಗಿದ ಲ್ಯಾಕ್ಟಿಯಲುಗಳು ಕಾಣುತ್ತವೆ. ಈ ಬದಲಾವಣೆಗಳು ಕರುಳಿನ ಉದ್ದಕ್ಕೂ ಸಮನಾಗಿರದೆ ಅಲ್ಲಲ್ಲಿ ಇರಬಹುದಾದ್ದರಿಂದ ಒಂದೆರಡು ತುಣುಕು ಸಹಜವಾಗಿದ್ದ ಮಾತ್ರಕ್ಕೆ ಕಾಯಿಲೆ ಇಲ್ಲವೆನ್ನಲಾಗದು. ಮಗು ಆಗಲೇ ಕೊಬ್ಬಿಲ್ಲದ ಆಹಾರದಲ್ಲಿದ್ದರೂ ಬಿಳಿಚುಕ್ಕೆಗಳು ಕಾಣದೆ ಹೋಗಬಹುದು. ಅಸೆಲ್ಲಿಯ ಹಸಿದ ನಾಯಿಯ ಪ್ರಸಂಗವೇ ಇಲ್ಲಿಯೂ ಮರುಕಳಿಸುತ್ತದೆ. ನಳಿಕೆ ತಲುಪದ ಭಾಗಗಳನ್ನು ನೋಡಲು ನುಂಗುವ ಕ್ಯಾಪ್ಸೂಲ್ ಕ್ಯಾಮೆರಾ ಬಳಕೆಯಲ್ಲಿದೆ.

ಆಹಾರ ಚಿಕಿತ್ಸೆ

ಸೊರಗಿದ ಮಗುವಿಗೆ ತುಪ್ಪ, ಕೆನೆಹಾಲು, ಕೊಬ್ಬರಿ ಸಕ್ಕರೆ ಕೊಟ್ಟು ಮೈಗೂಡಿಸುವುದು ನಮ್ಮ ಮನೆಗಳ ರೂಢಿ. ಬೇರೆ ಮಕ್ಕಳಿಗೆ ಹಿತವಾದ ಈ ಉಪಚಾರ ಈ ಕಾಯಿಲೆಯಲ್ಲಿ ಸೋರಿಕೆಯನ್ನು ಹೆಚ್ಚಿಸುತ್ತದೆ. ಪ್ರತಿ ಚಮಚ ತುಪ್ಪವೂ ಕೈಲೋಮೈಕ್ರಾನುಗಳಾಗಿ ತಡೆಗೊಂಡ ನಾಳಗಳಿಗೇ ಹೋಗಿ ಒತ್ತಡವನ್ನು ಏರಿಸುತ್ತದೆ. ರಕ್ತನಾಳದ ಮೂಲಕ ಆಲ್ಬುಮಿನ್ ಕೊಡುವುದರಿಂದ ಊತ ತಾತ್ಕಾಲಿಕವಾಗಿ ಇಳಿಯುತ್ತದೆಯಾದರೂ, ಕೊಟ್ಟದ್ದೂ ಅದೇ ದಾರಿಯಲ್ಲಿ ಸೋರಿಹೋಗುತ್ತದೆ.

ಪರಿಹಾರದ ಮೊದಲ ಹೆಜ್ಜೆ ಉದ್ದ ಸರಪಳಿಯ ಕೊಬ್ಬನ್ನು ಬಹಳ ಕಡಿಮೆ ಮಾಡುವುದು. ಆದರೆ ಅಷ್ಟಕ್ಕೇ ನಿಂತರೆ ಮಗು ಬೆಳೆಯಲಾರದು. ಒಂದು ಗ್ರಾಂ ಕೊಬ್ಬು 9 ಕಿಲೋಕ್ಯಾಲೊರಿ ಶಕ್ತಿ ಕೊಡುವಲ್ಲಿ ಪಿಷ್ಟ ಕೊಡುವುದು 4 ಮಾತ್ರ. ಎರಡು ವರ್ಷದ ಮಗುವಿನ ಪುಟ್ಟ ಹೊಟ್ಟೆ ಮುದ್ದೆ ಅನ್ನಗಳಿಂದ ತುಂಬಿಹೋಗುತ್ತದೆಯೇ ಹೊರತು ಬೇಕಾದಷ್ಟು ಶಕ್ತಿ ಸಿಗುವುದಿಲ್ಲ. ಈ ಕೊರತೆಯನ್ನು ತುಂಬುವುದು ಮಧ್ಯಮ ಸರಪಳಿಯ ಕೊಬ್ಬು, ಅಂದರೆ ಎಂಸಿಟಿ. 8 ಮತ್ತು 10 ಇಂಗಾಲ ಪರಮಾಣುಗಳ ಕ್ಯಾಪ್ರಿಲಿಕ್ ಹಾಗೂ ಕ್ಯಾಪ್ರಿಕ್ ಆಮ್ಲಗಳಿಂದಾದ ಈ ಕೊಬ್ಬು ಕೈಲೋಮೈಕ್ರಾನ್ ಆಗದೆ ನೇರವಾಗಿ ರಕ್ತಕ್ಕೆ ಸೇರಿ ಯಕೃತ್ತಿಗೆ ಹೋಗುತ್ತದೆ. ದುಗ್ಧನಾಳದ ಗೊಡವೆಯೇ ಇಲ್ಲ. ಒಂದು ಗ್ರಾಮಿಗೆ ಸುಮಾರು 8.3 ಕಿಲೋಕ್ಯಾಲೊರಿ ಶಕ್ತಿಯೂ ಸಿಗುತ್ತದೆ. 1964ರಲ್ಲಿ ಪೀಟರ್ ಹೋಲ್ಟ್, ಉದ್ದ ಸರಪಳಿಯ ಕೊಬ್ಬನ್ನು ಆಹಾರದಿಂದ ತೆಗೆದಾಗ ಆಲ್ಬುಮಿನ್ ನಷ್ಟ ಹೇಗೆ ಬದಲಾಗುತ್ತದೆ ಎಂಬ ಅಧ್ಯಯನವನ್ನು ಪ್ರಕಟಿಸಿದರು. ಅಂದಿನಿಂದ ಈ ಆಹಾರಕ್ರಮವೇ ಮೊದಲ ಚಿಕಿತ್ಸೆಯಾಗಿ ಉಳಿದಿದೆ. ಕಾಯಿಲೆ ವಿರಳವಾದುದರಿಂದ ದೊಡ್ಡ ಪ್ರಮಾಣದ ತುಲನಾತ್ಮಕ ಪ್ರಯೋಗಗಳು ನಡೆದಿಲ್ಲ. ಬಿಡಿ ವರದಿಗಳನ್ನು ಒಟ್ಟುಗೂಡಿಸಿ ನೋಡಿದ ಪರಿಶೀಲನೆಗಳಲ್ಲಿ ಎಂಸಿಟಿ ಪಡೆದ ಮಕ್ಕಳ ಸ್ಥಿತಿ ಪಡೆಯದವರಿಗಿಂತ ಉತ್ತಮವಾಗಿತ್ತು.

ತೆಂಗಿನೆಣ್ಣೆಯ ಪ್ರಶ್ನೆ

ಎಂಸಿಟಿ ಎಣ್ಣೆಯನ್ನು ತೆಂಗಿನೆಣ್ಣೆಯಿಂದ ಅಥವಾ ತಾಳೆಯ ತಿರುಳಿನ ಎಣ್ಣೆಯಿಂದ ಬೇರ್ಪಡಿಸಿ ತಯಾರಿಸುತ್ತಾರೆ. ಈ ಸಂಗತಿಯಿಂದಲೇ ಕರ್ನಾಟಕದಂತಹ ತೆಂಗಿನ ನಾಡಿನಲ್ಲಿ ಒಂದು ತಪ್ಪು ತಿಳಿವಳಿಕೆಗೆ ಎಡೆಯಾಗಿದೆ. ಕಡೂರು, ತರೀಕೆರೆ, ಅಜ್ಜಂಪುರ, ಅರಸೀಕೆರೆ, ತಿಪಟೂರುಗಳ ಸೀಮೆಯಲ್ಲಿ ಮನೆಯ ತೋಟದ ಕೊಬ್ಬರಿಯಿಂದ ತೆಗೆಸಿದ ಎಣ್ಣೆ ಸುಲಭವಾಗಿ ಸಿಗುವಾಗ, ದುಬಾರಿಯಾದ ಎಂಸಿಟಿ ಎಣ್ಣೆಯ ಬದಲು ಅದನ್ನೇ ಬಳಸಬಾರದೇಕೆ ಎಂಬ ಪ್ರಶ್ನೆ ಏಳುವುದು ನ್ಯಾಯವೇ.

ಉತ್ತರ ಎಣ್ಣೆಯ ಸಂಯೋಜನೆಯಲ್ಲಿದೆ. ತೆಂಗಿನೆಣ್ಣೆಯ ಕೊಬ್ಬಿನಾಮ್ಲಗಳಲ್ಲಿ ಕ್ಯಾಪ್ರಿಲಿಕ್ ಮತ್ತು ಕ್ಯಾಪ್ರಿಕ್ ಎರಡೂ ಸೇರಿ ಸಾಮಾನ್ಯವಾಗಿ ಶೇಕಡ 12ರಿಂದ 15ರಷ್ಟು ಮಾತ್ರ. ಶೇಕಡ 45ರಿಂದ 53ರಷ್ಟಿರುವುದು 12 ಇಂಗಾಲಗಳ ಲಾರಿಕ್ ಆಮ್ಲ. ರಸಾಯನಶಾಸ್ತ್ರದ ವರ್ಗೀಕರಣದಲ್ಲಿ ಲಾರಿಕ್ ಆಮ್ಲವನ್ನೂ ಮಧ್ಯಮ ಸರಪಳಿಗೆ ಸೇರಿಸುವುದರಿಂದ ತೆಂಗಿನೆಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಎಂಸಿಟಿ ಇದೆಯೆಂಬ ಮಾತು ಪ್ರಚಾರದಲ್ಲಿದೆ. ದೇಹ ಮಾತ್ರ ಆ ವರ್ಗೀಕರಣವನ್ನು ಪಾಲಿಸುವುದಿಲ್ಲ: ಲಾರಿಕ್ ಆಮ್ಲದ ಗಣನೀಯ ಭಾಗ ಉದ್ದ ಸರಪಳಿಯ ಕೊಬ್ಬಿನಂತೆ ದುಗ್ಧನಾಳದ ದಾರಿಯನ್ನೇ ಹಿಡಿಯುತ್ತದೆ. ಇನ್ನುಳಿದ ಮಿರಿಸ್ಟಿಕ್, ಪಾಮಿಟಿಕ್ ಮೊದಲಾದವು ಹೇಗೂ ಉದ್ದ ಸರಪಳಿಯವು. ಗಾಣದ ಎಣ್ಣೆಯಾಗಲಿ ಹಸಿ ತೆಂಗಿನ ಹಾಲಿನಿಂದ ತೆಗೆದ ಎಣ್ಣೆಯಾಗಲಿ ಈ ಲೆಕ್ಕ ಬದಲಾಗದು. ಮಾರುಕಟ್ಟೆಯಲ್ಲಿ ಎಂಸಿಟಿ ಎಂಬ ಹೆಸರಿನಲ್ಲಿಯೇ ದೊರೆಯುವ ಕೆಲವು ಎಣ್ಣೆಗಳಲ್ಲಿಯೂ ಲಾರಿಕ್ ಆಮ್ಲ ಬೆರೆತಿರುವುದುಂಟು. ಸೀಸೆಯ ಮೇಲಿನ ವಿವರದಲ್ಲಿ ಕ್ಯಾಪ್ರಿಲಿಕ್ ಮತ್ತು ಕ್ಯಾಪ್ರಿಕ್ ಹೆಸರುಗಳಿವೆಯೇ ಎಂಬುದನ್ನು ನೋಡಬೇಕಾಗುತ್ತದೆ.

ಎಂಸಿಟಿ ಎಣ್ಣೆಗೂ ಒಂದು ಕೊರತೆಯಿದೆ. ದೇಹ ತಾನೇ ತಯಾರಿಸಲಾರದ ಲಿನೋಲೆಯಿಕ್ ಮುಂತಾದ ಅತ್ಯಗತ್ಯ ಕೊಬ್ಬಿನಾಮ್ಲಗಳು ಅದರಲ್ಲಿಲ್ಲ. ಅವು ಸಿಗದಿದ್ದರೆ ಚರ್ಮ ಒಣಗಿ ಸಿಪ್ಪೆ ಏಳುತ್ತದೆ, ಬೆಳವಣಿಗೆ ಮತ್ತೆ ನಿಲ್ಲುತ್ತದೆ. ಆದ್ದರಿಂದ ಒಟ್ಟು ಶಕ್ತಿಯ ಶೇಕಡ 2ರಿಂದ 4ರಷ್ಟು ಲಿನೋಲೆಯಿಕ್ ಆಮ್ಲದಿಂದ ಬರುವಂತೆ ಕುಸುಬೆ ಅಥವಾ ಸೂರ್ಯಕಾಂತಿ ಎಣ್ಣೆಯನ್ನು ಅಳೆದು ಕೊಡುವ ಕ್ರಮವಿದೆ. ತೆಂಗಿನೆಣ್ಣೆಯಲ್ಲಿ ಲಿನೋಲೆಯಿಕ್ ಆಮ್ಲ ಶೇಕಡ 2ರ ಆಸುಪಾಸಿನಲ್ಲಿರುವುದರಿಂದ ಈ ಕೆಲಸಕ್ಕೂ ಅದು ಒದಗದು.

ಕರ್ನಾಟಕದ ಅಡುಗೆಯಲ್ಲಿ ಪಥ್ಯ

ಬಯಲುಸೀಮೆಯ ಮೂಲ ಆಹಾರ ಈ ಪಥ್ಯಕ್ಕೆ ಬಹಳ ಮಟ್ಟಿಗೆ ಹೊಂದಿಕೊಳ್ಳುತ್ತದೆ. ರಾಗಿ ಮತ್ತು ಜೋಳದಲ್ಲಿ 100 ಗ್ರಾಮಿಗೆ 2 ಗ್ರಾಮಿಗಿಂತ ಕಡಿಮೆ, ಅಕ್ಕಿ ಮತ್ತು ಹುರುಳಿಯಲ್ಲಿ 1 ಗ್ರಾಮಿಗಿಂತ ಕಡಿಮೆ ಕೊಬ್ಬಿದೆ. ತೊಗರಿ, ಹೆಸರು ಬೇಳೆಗಳೂ ಇದೇ ಗುಂಪಿನವು. 100 ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಮಿಗಿಂತ ಹೆಚ್ಚು ಕ್ಯಾಲ್ಸಿಯಂ ಇರುವುದು ಕ್ಯಾಲ್ಸಿಯಂ ಕಳೆದುಕೊಳ್ಳುವ ಮಗುವಿಗೆ ಅನುಕೂಲವೇ, ಆದರೂ ಔಷಧಿಯ ರೂಪದ ಕ್ಯಾಲ್ಸಿಯಮಿಗೆ ಅದು ಬದಲಿಯಲ್ಲ. ಸೊಪ್ಪು, ತರಕಾರಿ, ಬಾಳೆಹಣ್ಣು, ಬೆಲ್ಲ, ಮಂಡಕ್ಕಿ, ಅವಲಕ್ಕಿಗಳಿಂದ ಅಡ್ಡಿಯಿಲ್ಲ. ಮಾಂಸಾಹಾರಿ ಮನೆಗಳಲ್ಲಿ ಮೊಟ್ಟೆಯ ಬಿಳಿಭಾಗ ಕೊಬ್ಬಿಲ್ಲದ ಉತ್ತಮ ಪ್ರೋಟೀನು, ಹಳದಿಯನ್ನು ಬಿಡಬೇಕು.

ತೊಡಕಿರುವುದು ಒಗ್ಗರಣೆಯಲ್ಲಿ ಮತ್ತು ರುಬ್ಬುವ ಕಲ್ಲಿನಲ್ಲಿ. ಹಸಿ ತೆಂಗಿನಕಾಯಿಯ ತಿರುಳಿನಲ್ಲಿ 100 ಗ್ರಾಮಿಗೆ ಸುಮಾರು 40 ಗ್ರಾಂ, ಕೊಬ್ಬರಿಯಲ್ಲಿ 60 ಗ್ರಾಮಿಗೂ ಮೀರಿ ಕೊಬ್ಬಿದೆ. ಶೇಂಗಾ, ಎಳ್ಳು, ಹುಚ್ಚೆಳ್ಳುಗಳು ಶೇಕಡ 40ರ ಆಸುಪಾಸಿನವು. ಎಣ್ಣೆಯನ್ನೇ ಹಾಕದೆ ಮಾಡಿದ ಸಾರಿಗೂ 25 ಗ್ರಾಂ ಕಾಯಿತುರಿ ಬಿದ್ದರೆ 10 ಗ್ರಾಂ ಕೊಬ್ಬು ಸೇರಿದಂತಾಯಿತು. ಚಿಕ್ಕ ಮಗುವಿಗೆ ಇಡೀ ದಿನಕ್ಕೆ ಬಿಟ್ಟ ಮಿತಿ ಕೆಲವೊಮ್ಮೆ ಅಷ್ಟೇ ಇರುತ್ತದೆ. ಅಡುಗೆಗೆ ಕಾಯಿ ರುಬ್ಬುವ ಮೊದಲೇ ಮಗುವಿನ ಪಾಲಿನ ಬೇಳೆಕಟ್ಟನ್ನು ತೆಗೆದಿಡುವುದು ಸರಳ ಉಪಾಯ.

ಹಾಲಿನಲ್ಲಿಯೂ ಲೆಕ್ಕ ಬೇಕು. ಪೂರ್ಣ ಕೆನೆಯ ಪ್ಯಾಕೆಟ್ ಹಾಲಿನಲ್ಲಿ ಶೇಕಡ 6, ಟೋನ್ಡ್ ಹಾಲಿನಲ್ಲಿ ಶೇಕಡ 3, ಡಬಲ್ ಟೋನ್ಡ್ ಹಾಲಿನಲ್ಲಿ ಶೇಕಡ 1.5, ಕೆನೆ ತೆಗೆದ ಹಾಲಿನಲ್ಲಿ ಶೇಕಡ 0.5ಕ್ಕೆ ಮೀರದಷ್ಟು ಕೊಬ್ಬಿರಬೇಕೆಂಬುದು ಭಾರತದ ಆಹಾರ ಮಾನದಂಡ. ಮನೆಯ ಎಮ್ಮೆಯ ಹಾಲು ಇವೆಲ್ಲಕ್ಕಿಂತ ಗಟ್ಟಿ. ಕೆನೆ ತೆಗೆದ ಹಾಲಿನ ಮೊಸರು ಹಾಗೂ ಮಜ್ಜಿಗೆಯನ್ನು ಬಳಸಬಹುದು. ಎದೆಹಾಲು ಕುಡಿಯುವ ಕೂಸುಗಳಿಗೆ ಎಂಸಿಟಿ ಹೆಚ್ಚಿರುವ ವಿಶೇಷ ಪುಡಿಹಾಲನ್ನು ವೈದ್ಯರು ಸೂಚಿಸುತ್ತಾರೆ.

ಎಂಸಿಟಿ ಎಣ್ಣೆಯನ್ನು ಒಮ್ಮೆಲೇ ಕೊಟ್ಟರೆ ಹೊಟ್ಟೆನುಲಿತ, ಭೇದಿ ಉಂಟಾಗುತ್ತವೆ. ಆದ್ದರಿಂದ ಅಲ್ಪ ಪ್ರಮಾಣದಿಂದ ಆರಂಭಿಸಿ, ದಿನದ ಊಟಗಳಲ್ಲಿ ಹಂಚಿ, ಕ್ರಮೇಣ ಹೆಚ್ಚಿಸುತ್ತಾರೆ. ಹೆಚ್ಚು ಕಾವಿಗೆ ಅದು ಹೊಗೆಯಾಡಿ ಕಹಿಯಾಗುವುದರಿಂದ ಕರಿಯಲು ಬಾರದು. ಗಂಜಿ, ಅನ್ನ, ಬೇಳೆಕಟ್ಟಿಗೆ ಬೆರೆಸುವುದು ರೂಢಿ. ಪ್ರಮಾಣವನ್ನು ಮಗುವಿನ ತೂಕ, ವಯಸ್ಸು, ರಕ್ತಪರೀಕ್ಷೆಗಳನ್ನು ನೋಡಿ ಮಕ್ಕಳ ಜೀರ್ಣಾಂಗ ತಜ್ಞರು ಮತ್ತು ಪಥ್ಯತಜ್ಞರು ನಿಗದಿಪಡಿಸಬೇಕು. ಎ, ಡಿ, ಇ, ಕೆ ಜೀವಸತ್ವಗಳನ್ನು ಪ್ರತ್ಯೇಕವಾಗಿ ಕೊಡಲಾಗುತ್ತದೆ.

ಪಥ್ಯ ಮುರಿಯುವುದು ಮನೆಯಲ್ಲಿಗಿಂತ ಹೊರಗೆ ಹೆಚ್ಚು. ಶಾಲೆಯ ಬಿಸಿಯೂಟ, ನೆಂಟರ ಮನೆಯ ಹೋಳಿಗೆ ತುಪ್ಪ, ಜಾತ್ರೆಯ ಬೋಂಡ ಮಿರ್ಚಿಗಳಿಂದ ಮಗುವನ್ನು ವರ್ಷಗಟ್ಟಲೆ ದೂರವಿಡುವುದು ಸಣ್ಣ ಮಾತಲ್ಲ. ಅಂತರಘಟ್ಟೆಯಂತಹ ಊರಿನ ಜಾತ್ರೆಗೆ ಹೋದ ಮಗುವಿಗೂ ಬೆಲ್ಲದ ಪಾನಕ, ಮಂಡಕ್ಕಿ, ಬತ್ತಾಸು, ಕಲ್ಲಂಗಡಿ ಹಣ್ಣುಗಳನ್ನು ಕೊಡಬಹುದು. ತಿನ್ನಬಾರದವುಗಳ ಪಟ್ಟಿಯೊಡನೆ ತಿನ್ನಬಹುದಾದವುಗಳ ಪಟ್ಟಿಯನ್ನೂ ಮನೆಯವರಿಗೆ ಬರೆದುಕೊಟ್ಟರೆ ಪಥ್ಯವನ್ನು ನಡೆಸಿಕೊಂಡು ಹೋಗುವುದು ಸುಲಭವಾಗುತ್ತದೆ.

ಇತರ ಚಿಕಿತ್ಸೆಗಳು

ಆಹಾರಕ್ರಮಕ್ಕೆ ಎಲ್ಲ ಮಕ್ಕಳೂ ಸ್ಪಂದಿಸುವುದಿಲ್ಲ. ಅಂಥವರಲ್ಲಿ ಆಕ್ಟ್ರಿಯೋಟೈಡ್, ಟ್ರಾನೆಕ್ಸಾಮಿಕ್ ಆಮ್ಲ, ಸಿರೋಲಿಮಸ್ ಮುಂತಾದ ಔಷಧಿಗಳನ್ನು ಬಳಸಿರುವ ವರದಿಗಳಿವೆ. ಫಲಿತಾಂಶ ಒಬ್ಬೊಬ್ಬರಲ್ಲಿ ಒಂದೊಂದು ಬಗೆ. ಕಾಯಿಲೆ ಕರುಳಿನ ಒಂದೇ ತುಂಡಿಗೆ ಸೀಮಿತವಾಗಿದ್ದರೆ ಆ ಭಾಗವನ್ನು ಶಸ್ತ್ರಚಿಕಿತ್ಸೆಯಿಂದ ತೆಗೆಯಬಹುದು. ದ್ವಿತೀಯಕ ರೂಪದಲ್ಲಿ ಮೂಲ ಕಾಯಿಲೆಗೇ ಚಿಕಿತ್ಸೆ.

ಪ್ರಾಥಮಿಕವೆಂದು ಒಟ್ಟಾಗಿ ಕರೆಯುತ್ತಿದ್ದ ಗುಂಪಿನಿಂದ 2017ರಲ್ಲಿ ಒಂದು ಕಾಯಿಲೆ ಬೇರೆಯಾಯಿತು. ಸಿಡಿ55 ಜೀನಿನ ದೋಷದಿಂದ ದೇಹದ ಕಾಂಪ್ಲಿಮೆಂಟ್ ವ್ಯವಸ್ಥೆ ಹತೋಟಿ ತಪ್ಪಿ, ರಕ್ತ ಹೆಪ್ಪುಗಟ್ಟುವಿಕೆಯೂ ಕರುಳಿನ ಪ್ರೋಟೀನ್ ಸೋರಿಕೆಯೂ ಒಟ್ಟಿಗೆ ಉಂಟಾಗುವ ಈ ಕಾಯಿಲೆಗೆ ಚಾಪಲ್ ಎಂದು ಹೆಸರಿಡಲಾಯಿತು. ಇದರ ಚಿಕಿತ್ಸೆಗಾಗಿ ಪೊಝೆಲಿಮ್ಯಾಬ್ ಎಂಬ ಔಷಧಿಗೆ ಅಮೆರಿಕದಲ್ಲಿ 2023ರ ಆಗಸ್ಟ್‌ನಲ್ಲಿ ಅನುಮೋದನೆ ದೊರೆಯಿತು. ಒಂದೇ ಕುಟುಂಬದ ಹಲವು ಮಕ್ಕಳಲ್ಲಿ, ಮುಖ್ಯವಾಗಿ ಸೋದರಸಂಬಂಧದ ಮದುವೆಗಳಿರುವ ಮನೆತನಗಳಲ್ಲಿ, ಕರುಳಿನ ಸೋರಿಕೆ ಕಂಡುಬಂದರೆ ಜೀನ್ ಪರೀಕ್ಷೆ ಉಪಯುಕ್ತ. ಭಾರತದ 2021ರ ರಾಷ್ಟ್ರೀಯ ವಿರಳ ಕಾಯಿಲೆಗಳ ನೀತಿಯಡಿ ಗುರುತಿಸಲಾದ ಉತ್ಕೃಷ್ಟತಾ ಕೇಂದ್ರಗಳಲ್ಲಿ ಬೆಂಗಳೂರಿನ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್ ಮತ್ತು ಇಂದಿರಾ ಗಾಂಧಿ ಆಸ್ಪತ್ರೆಗಳ ಜಂಟಿ ಕೇಂದ್ರವೂ ಒಂದು.

ಮುನ್ನೋಟ

ಆಹಾರಕ್ರಮಕ್ಕೆ ಸ್ಪಂದಿಸುವ ಮಕ್ಕಳಲ್ಲಿ ಕೆಲವು ವಾರಗಳಲ್ಲಿ ಭೇದಿ ಮತ್ತು ಊತ ಕಡಿಮೆಯಾಗಿ, ಆಲ್ಬುಮಿನ್ ಏರತೊಡಗುತ್ತದೆ. ಎತ್ತರ ಕೂಡಿಬರಲು ತಿಂಗಳುಗಳು ಬೇಕು. ಲಿಂಫೋಸೈಟುಗಳ ಕೊರತೆ ಮಾತ್ರ ಹಲವರಲ್ಲಿ ಹಾಗೆಯೇ ಉಳಿಯುತ್ತದೆ. ಈ ಕಾರಣದಿಂದ ಸೋಂಕುಗಳ ಬಗ್ಗೆ ಎಚ್ಚರವಿರಬೇಕಾಗುತ್ತದೆ. ಸಜೀವ ಲಸಿಕೆಗಳನ್ನು ಹಾಕಿಸುವ ಮೊದಲು ತಜ್ಞರ ಅಭಿಪ್ರಾಯ ಅಗತ್ಯ. ಊತ ಇಳಿದು ಮಗು ಓಡಾಡತೊಡಗಿದಾಗ ಕಾಯಿಲೆ ವಾಸಿಯಾಯಿತೆಂದು ಭಾವಿಸಿ ಪಥ್ಯ ಬಿಡುವುದು ಸಾಮಾನ್ಯವಾದ ತಪ್ಪು. ನಾಳಗಳ ದೋಷ ಹಾಗೆಯೇ ಇರುವುದರಿಂದ ಹಳೆಯ ಆಹಾರಕ್ಕೆ ಮರಳಿದೊಡನೆ ಸೋರಿಕೆಯೂ ಮರಳಬಹುದು, ಹೀಗಾಗಿ ಬಹುತೇಕರಿಗೆ ಈ ಆಹಾರಕ್ರಮ ಜೀವನಪರ್ಯಂತದ್ದು. ಅಲ್ಪ ಪ್ರಮಾಣದ ರೋಗಿಗಳಲ್ಲಿ ದಶಕಗಳ ನಂತರ ಲಿಂಫೋಮಾ ಕಾಣಿಸಿಕೊಂಡಿರುವುದರಿಂದ ದೊಡ್ಡವರಾದ ಮೇಲೂ ನಿಯತ ತಪಾಸಣೆಯನ್ನು ಮುಂದುವರಿಸುತ್ತಾರೆ.